ಎಡವಟ್ಟು ಮಾಣಿಯ ಆಲ್ಬಂ ಕೇಳೋ ಕ್ರಮ: ಮೊದಲು ಬೋರಿವಲಿ ಫಾಸ್ಟ್ ಟ್ರೈನಲ್ಲಿ, ಆಮೇಲೆ ಮನೇಲಿ

ಈ ಆಲ್ಬಂನ ನಾನು ಇಷ್ಟರವರೆಗೆ ಹತ್ತು ಹದಿನೈದು ಜನಕ್ಕೆ ಕೇಳಿಸಿದ್ದೇನೆ, ಅದ್ರಲ್ಲಿ ಅರ್ಧ ಜನಕ್ಕೆ ಹಿಡಿಸ್ಲೇ ಇಲ್ಲ. ಒಬ್ಬ ಚಂದ ಉಂಟು ಮಕ್ಕಳ ಹಾಡಾ ಅಂತ ಕೇಳಿದ, ಇನ್ನೊಬ್ಳು ಎರಡನೇ ಹಾಡಿಗೇ ಫೋನ್ ಎಳ್ಕೊಂಡು ಹಿಂದಿ ಹಾಡು ಹಾಕಿದ್ಲು. ಆಗೆಲ್ಲ ನನಗೆ ಸಿಟ್ಟು ಬರ್ತಿತ್ತು, ಇವರಿಗೆ ಕಿವಿಯೇ ಇಲ್ಲ ಅಂತ. ಆಮೇಲೆ ಕೂತು ಯೋಚನೆ ಮಾಡಿದಾಗ ಗೊತ್ತಾಯ್ತು ತಪ್ಪು ಅವರದ್ದಲ್ಲ ನನ್ನದು, ನಾನು ಹಾಕಿದ್ದೇ ಬರ್ತ್‌ಡೇ ಪಾರ್ಟಿಯಲ್ಲಿ, ಒಂದ್ಕಡೆ ಮಿಕ್ಸಿ ಓಡ್ತಾ ಉಂಟು ಇನ್ನೊಂದ್ಕಡೆ ಮಕ್ಕಳು ಬಲೂನ್ ಒಡೀತಾ ಇದ್ದಾರೆ, ಅದ್ರ ಮಧ್ಯೆ ಪಾಪ ಆ ಬ್ಯಾಂಡಿನವರು ಎಂತ ಮಾಡ್ತಾರೆ. ಹಾಗಾಗಿ ಕೇಳೋದಕ್ಕೂ ಕೇಳಿಸೋದಕ್ಕೂ ಒಂದು ಕ್ರಮ ಮಾಡ್ಕೊಂಡಿದ್ದೇನೆ, ಅದನ್ನೇ ಇಲ್ಲಿ ಹೇಳ್ತಾ ಇದ್ದೇನೆ.

ಯಾವ ಆಲ್ಬಂ ಅಂತ ಹೇಳ್ಲೇ ಇಲ್ಲ ಅಲ್ವಾ. ಬ್ಯಾಂಡ್ ಹೆಸರು ಬೆಲ್ ಆಂಡ್ ಸೆಬಾಸ್ಟಿಯನ್, ಸ್ಕಾಟ್ಲೆಂಡಿನ ಗ್ಲಾಸ್ಗೋದವರು, ಆಲ್ಬಂ 'ಡಿಯರ್ ಕಟಾಸ್ಟ್ರಫಿ ವೇಟ್ರೆಸ್', 2003ರ ಅಕ್ಟೋಬರಲ್ಲಿ ಬಂದದ್ದು, 12 ಹಾಡು, ಒಟ್ಟು 48 ನಿಮಿಷದ ಹತ್ತಿರ ಹತ್ತಿರ. ಇಂಡೀ ಫೋಕ್-ಪಾಪ್ ಅಂತೆಲ್ಲ ಕರೀತಾರೆ, ಕರೀಲಿ. ನನ್ನ ಲೆಕ್ಕದಲ್ಲಿ ಇದ್ರ ಹೆಸರನ್ನ ಕನ್ನಡಕ್ಕೆ ತಂದ್ರೆ 'ಪ್ರೀತಿಯ ಎಡವಟ್ಟು ಮಾಣಿ' ಅಂತ ಆಗ್ತದೆ. ವೇಟ್ರೆಸ್ ಅಂದ್ರೆ ಹೆಂಗಸು, ಮಾಣಿ ಅಂದ್ರೆ ಹುಡುಗ, ಅದು ಗೊತ್ತುಂಟು, ಆದ್ರೆ ಮುಂಬೈಯಲ್ಲಿ ಇರೋ ನಮ್ಮ ಕಡೆಯವರಿಗೆ ಮಾಣಿ ಅಂದ ಕೂಡ್ಲೆ ಹೆಗಲ ಮೇಲೆ ಬಟ್ಟೆ ಹಾಕ್ಕೊಂಡು ಎರಡೂ ಕೈಯಲ್ಲಿ ಆರಾರು ಲೋಟ ಹಿಡ್ಕೊಂಡು ಓಡೋ ಹುಡುಗ ಕಣ್ಣಿಗೆ ಬರ್ತಾನೆ, ಪ್ರತಿ ಮನೆಯಲ್ಲೂ ಅಂಥವ ಒಬ್ಬ ಇದ್ದಾನೆ ಅಥವಾ ಇದ್ದ. ನಮ್ಮನೇಲಿ ದೊಡ್ಡಪ್ಪ. ಅವರ ವಿಷಯ ಕೊನೆಗೆ ಬರ್ತದೆ.

ಕೇಳೋ ಮೊದಲು ಇಷ್ಟು ಗೊತ್ತಿದ್ರೆ ಸಾಕು

ಜಾಸ್ತಿ ಓದ್ಕೊಂಡು ಹೋಗ್ಬೇಡಿ. ಆದ್ರೆ ಒಂದು ವಿಷಯ ಗೊತ್ತಿದ್ರೆ ಕೇಳೋ ರುಚಿಯೇ ಬೇರೆ. ಈ ಬ್ಯಾಂಡ್ ಮೊದಲಿಗೆ ತುಂಬ ಮೆತ್ತಗಿನ ಬ್ಯಾಂಡ್, 1996ರಲ್ಲಿ ಸ್ಟೋ ಕಾಲೇಜಿನ ಮ್ಯೂಸಿಕ್ ಬಿಸಿನೆಸ್ ಕೋರ್ಸಿನ ಪ್ರಾಜೆಕ್ಟಾಗಿ ಮೊದಲನೇ ಆಲ್ಬಂ 'ಟೈಗರ್‌ಮಿಲ್ಕ್' ಮಾಡಿದ್ದು, ಬರೀ 1,000 ಎಲ್‌ಪಿ ರೆಕಾರ್ಡ್ ಪ್ರಿಂಟ್ ಮಾಡಿದ್ದು. ಹಾಡು ಬರೆಯೋ ಸ್ಟುವರ್ಟ್ ಮರ್ಡಾಕ್ ಅದಕ್ಕೂ ಮುಂಚೆ ಸುಮಾರು ಏಳು ವರ್ಷ ವಿಪರೀತ ಸುಸ್ತಿನ ಕಾಯಿಲೆಯಲ್ಲಿ ಕೆಲಸ ಮಾಡೋಕಾಗದೆ ಮನೆಯಲ್ಲೇ ಇದ್ದವ, ಹಾಡು ಬರೆಯೋಕೆ ಶುರು ಮಾಡಿದ್ದೇ ಆಗ. ಅಂಥವನ ಹಾಡು ಪಿಸುಮಾತಲ್ಲೇ ಇರ್ತಿತ್ತು. ಮತ್ತೆ 2000ದಲ್ಲಿ ಒಬ್ಬ ಬ್ಯಾಂಡ್ ಬಿಟ್ಟ, 2002ರಲ್ಲಿ ಟೂರ್ ಮಧ್ಯದಲ್ಲೇ ಬ್ಯಾಂಡಲ್ಲಿ ಹಾಡ್ತಿದ್ದ ಇಸೊಬೆಲ್ ಕ್ಯಾಂಬೆಲ್ ಬಿಟ್ಟು ಹೋದ್ಲು, ಹಳೇ ಲೇಬಲ್ಲೂ, ಅಂದ್ರೆ ರೆಕಾರ್ಡ್ ಕಂಪೆನಿಯೂ ಬಿಟ್ಟಾಯ್ತು. ಅಂದ್ರೆ ಮನೆ ಅರ್ಧ ಖಾಲಿ ಆದ ಟೈಮು. ಆಗ ಇವರು ಮಾಡಿದ್ದೆಂತ ಗೊತ್ತುಂಟಾ, ತಮ್ಮ ಅಷ್ಟೂ ಆಲ್ಬಂಗಳಲ್ಲಿ ಎಲ್ಲಕ್ಕಿಂತ ಬಿಸಿಲು ಬಿದ್ದ ಆಲ್ಬಂ. ಅದೂ ಯಾರ ಕೈಯಲ್ಲಿ ಪ್ರೊಡ್ಯೂಸ್ ಮಾಡಿಸಿದ್ದು ಅಂದ್ರೆ ಟ್ರೆವರ್ ಹಾರ್ನ್. 1981ರಲ್ಲಿ ಅಮೆರಿಕದ ಮ್ಯೂಸಿಕ್ ಚಾನೆಲ್ ಎಂಟಿವಿ ಶುರು ಆದಾಗ ಮೊಟ್ಟ ಮೊದಲಿಗೆ ತೋರಿಸಿದ ವಿಡಿಯೋ ಉಂಟಲ್ಲ, ಆ ಹಾಡಿನ ಬಗಲ್ಸ್ ಬ್ಯಾಂಡಿನವ ಅವ್ನೇ. ಎಂಬತ್ತರ ದಶಕದ ದೊಡ್ಡ ದೊಡ್ಡ ಮಿರಮಿರ ಮಿಂಚೋ ಪಾಪ್ ಹಾಡು ಮಾಡಿದ ಮನುಷ್ಯನನ್ನ ಕರ್ಕೊಂಡು ಬಂದು ಈ ನಾಚಿಕೆ ಬ್ಯಾಂಡಿಗೆ ಕೂರಿಸಿದ್ರು. ಮದುವೆ ಮನೆ ಅಡುಗೆ ಭಟ್ರನ್ನ ಕರ್ಸಿ ಮನೆ ಸಾರು ಮಾಡಿಸಿದ ಹಾಗೆ. ಕೆಡ್ಬೇಕಿತ್ತು, ಕೆಡ್ಲಿಲ್ಲ.

ಹಾಗಾಗಿ ಈ ಆಲ್ಬಂನ ಖುಷಿ ಸುಮ್ನೆ ಬಂದ ಖುಷಿ ಅಲ್ಲ, ಕೂತು ಮಾಡಿದ ಖುಷಿ. ಇದೊಂದನ್ನ ತಲೇಲಿ ಇಟ್ಕೊಳ್ಳಿ, ಉಳಿದದ್ದು ಕಿವಿಗೆ ಬಿಡಿ.

ಫೋನ್ ರೆಡಿ ಮಾಡೋದು

ಶಫಲ್ ಆಫ್ ಮಾಡಿ. ಇದನ್ನ ಎರಡು ಸಲ ಹೇಳ್ತೇನೆ, ಶಫಲ್ ಆಫ್ ಮಾಡಿ. ಈ ಆಲ್ಬಂನಲ್ಲಿ ಜೋರು ಹಾಡಾದ್ಮೇಲೆ ಒಂಟಿ ಗಿಟಾರ್ ಬರ್ತದೆ, ಅದು ಅಲ್ಲೇ ಬರ್ಬೇಕು, ಊಟದಲ್ಲಿ ಪಾಯಸ ಆದ್ಮೇಲೆ ಮಜ್ಜಿಗೆ ಬರೋ ಹಾಗೆ. ಕ್ರಾಸ್‌ಫೇಡ್ ಅಂತ ಸೆಟ್ಟಿಂಗಲ್ಲಿ ಒಂದು ಇರ್ತದೆ, ಒಂದು ಹಾಡಿನ ಬಾಲ ಇನ್ನೊಂದರ ತಲೆಗೆ ಅಂಟಿಸ್ತದೆ, ಅದೂ ಬೇಡ. ಆಟೋಪ್ಲೇನೂ ತೆಗೀರಿ, ಇಲ್ಲಾಂದ್ರೆ 12ನೇ ಹಾಡು ಮುಗಿದ ಕೂಡ್ಲೆ ಆ್ಯಪ್ ತನಗೆ ಬೇಕಾದ್ದು ಎಂತದ್ದೋ ಹಾಕ್ತದೆ, ಕೊನೆಯ ಆ ಮೌನ ಹೋಯ್ತು. ಹಿಂದಿನ ರಾತ್ರಿಯೇ ವೈಫೈಯಲ್ಲಿ ಡೌನ್‌ಲೋಡ್ ಮಾಡಿಟ್ಕೊಳ್ಳಿ, ಟ್ರೈನಲ್ಲಿ ಎಲ್ಲರೂ ಒಟ್ಟಿಗೆ ರೀಲ್ಸ್ ನೋಡ್ತಾರೆ, ನೆಟ್‌ವರ್ಕ್ ಯಾರಿಗೂ ಸಿಗೋದಿಲ್ಲ.

ಇಯರ್‌ಫೋನ್ ಬಗ್ಗೆ ಜನ ತುಂಬ ತಲೆ ತಿಂತಾರೆ. ನಂದು ಇಷ್ಟೇ: ನಾಯ್ಸ್ ಕ್ಯಾನ್ಸಲಿಂಗ್ ಇದ್ರೆ ಒಳ್ಳೇದು, ಆದ್ರೆ ಅದು ಟ್ರೈನಿನ ಮೋಟರ್ ಗುಂಯ್ ಅನ್ನೋ ಒಂದೇ ಸಮದ ಸದ್ದನ್ನ ಚೆನ್ನಾಗಿ ತಿಂತದೆ, ಪಕ್ಕದವರ ಮಾತನ್ನ ಅಷ್ಟಾಗಿ ತಿನ್ನೋದಿಲ್ಲ. ಹಾಗಾಗಿ ಸಾವಿರಗಟ್ಲೆ ಕೊಟ್ಟು ತಗೊಂಡ್ರೂ ಗುಜ್ಜು ಅಂಕಲ್‌ಗಳ ಶೇರ್ ಮಾರ್ಕೆಟ್ ನಿಮಗೆ ಫ್ರೀಯಾಗಿ ಕೇಳ್ತಾ ಇರ್ತದೆ. ಕ್ಯಾನ್ಸಲಿಂಗ್ ಇಲ್ಲದ ಸಾದಾ ಇಯರ್‌ಫೋನ್ ಆದ್ರೆ ಬೇಸ್ ಗಿಟಾರ್ ಟ್ರೈನ್ ಸದ್ದಲ್ಲಿ ಮುಳುಗಿಹೋಗ್ತದೆ, ಅದಕ್ಕೆ ವಾಲ್ಯೂಮ್ ಏರಿಸ್ತಾ ಹೋಗ್ಬೇಡಿ. ವಿಶ್ವ ಆರೋಗ್ಯ ಸಂಸ್ಥೆ ಹೇಳೋದು 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ, ಅದ್ರ ಮೇಲೆ ಕಿವಿಗೆ ಕೆಟ್ಟದು ಅಂತ, ಲೋಕಲಲ್ಲಿ ಏರಿಸಿದ್ರೆ ಅದನ್ನ ಎಲ್ಲೋ ದಾಟಿರ್ತೇವೆ. ಬೇಸ್ ಕೇಳೋದಕ್ಕೆ ಮನೆ ಉಂಟು, ಎರಡನೇ ಸಲಕ್ಕೆ ಇಟ್ಕೊಳ್ಳಿ. ಮೊದಲನೇ ಸಲ ದನಿ ಮತ್ತೆ ತುತ್ತೂರಿ ಕೇಳಿದ್ರೆ ಸಾಕು. ಮತ್ತೆ ಹಳಿ ದಾಟುವಾಗ, ಓಡಿ ಟ್ರೈನ್ ಹತ್ತುವಾಗ ಕಿವಿಯಲ್ಲಿ ಎಂತದ್ದೂ ಬೇಡ ಮಾರಾಯ್ರೆ, ಯಾವ ಹಾಡೂ ಅಷ್ಟು ದೊಡ್ಡದಲ್ಲ. ಹಳಿ ದಾಟೋದೇ ಬೇಡ ಅನ್ನಿ.

ಮೊದಲನೇ ಸಲ: ಬೋರಿವಲಿಯಿಂದ ಚರ್ಚ್‌ಗೇಟ್

ಯಾಕೆ ಟ್ರೈನ್ ಅಂದ್ರೆ, ಬೋರಿವಲಿ ಫಾಸ್ಟ್, ಅಂದ್ರೆ ಎಲ್ಲ ಸ್ಟೇಷನಲ್ಲೂ ನಿಲ್ಲದ ಮುಂಬೈ ಲೋಕಲ್, ಚರ್ಚ್‌ಗೇಟಿಗೆ ಸುಮಾರು 50 ನಿಮಿಷ, ಆಲ್ಬಂ 48. ದೇವ್ರೇ ಅಳತೆ ತಗೊಂಡು ಹೊಲಿಸಿದ ಹಾಗೆ ಉಂಟು. ಮಧ್ಯದಲ್ಲಿ ಎದ್ದು ಹೋಗೋಕಾಗೋದಿಲ್ಲ, ಫ್ರಿಜ್ ತೆಗೆದು ನೋಡೋಕಾಗೋದಿಲ್ಲ, ಕುಕ್ಕರ್ ಕೂಗೋದಿಲ್ಲ. ಆದ್ರೆ ಬೆಳಿಗ್ಗೆ ಎಂಟು ಒಂಬತ್ತರ ರಶ್ಶಲ್ಲಿ ಬೇಡ, ಆಗ ಕಿಸೆಯಿಂದ ಫೋನ್ ತೆಗೀಬೇಕಾದ್ರೂ ನಾಲ್ಕು ಜನರ ಪರ್ಮಿಶನ್ ಬೇಕು. ಭಾನುವಾರ ಬೆಳಿಗ್ಗೆ ಹೋಗಿ, ಬೋರಿವಲಿಯಿಂದಲೇ ಹೊರಡೋ ಗಾಡಿ ಹಿಡೀರಿ, ಬಲಗಡೆ ಕಿಟಕಿ ಹಿಡೀರಿ. ಬಲಗಡೆ ಯಾಕೆ ಅಂತ ಕೊನೆಗೆ ಗೊತ್ತಾಗ್ತದೆ. ರಶ್ಶಲ್ಲೇ ಹೋಗೋದು ಅನಿವಾರ್ಯ ಅಂತಿದ್ರೆ ಪ್ಲಾಟ್‌ಫಾರ್ಮಲ್ಲೇ ಹಾಡು ರೆಡಿ ಮಾಡಿ ಪಾಜ್ ಮಾಡಿಡಿ, ಒಳಗೆ ನಿಂತ್ಮೇಲೆ ಇಯರ್‌ಫೋನಿನ ಬಟನ್ ಒತ್ತಿದ್ರಾಯ್ತು.

ಗಾಡಿ ಹೊರಟ ಕೂಡ್ಲೆ ಮೊದಲನೇ ಹಾಡು, 'ಸ್ಟೆಪ್ ಇನ್ಟು ಮೈ ಆಫೀಸ್, ಬೇಬಿ'. ಆಫೀಸಿಗೆ ಹೋಗೋ ಟ್ರೈನಲ್ಲಿ ಆಫೀಸಿನದ್ದೇ ಹಾಡು, ಆದ್ರೆ ಬಾಸ್ ಮತ್ತೆ ಕೆಲಸದವರ ಮಧ್ಯೆ ಎಂತದ್ದೋ ನಡೀತಾ ಉಂಟು, ಇಂಟರ್‌ವ್ಯೂ ಭಾಷೆಯಲ್ಲೇ ಪೋಲಿತನ. ಇಲ್ಲಿ ಗಮನ ಇಡ್ಬೇಕಾದ್ದು ಹಾಡು ನಿಲ್ಲೋದು, ಮತ್ತೆ ಹೊರಡೋದು, ಮಧ್ಯದಲ್ಲಿ ನಿಧಾನ ಆಗೋದು. ಕಾಂದಿವಲಿ, ಮಲಾಡ್ ಕಿಟಕಿಯಲ್ಲಿ ಓಡಿ ಹೋಗ್ತವೆ. ಎರಡನೇದು ಟೈಟಲ್ ಹಾಡು, ಎರಡೂವರೆ ನಿಮಿಷವೂ ಇಲ್ಲ, ಪಿಟೀಲು ತುತ್ತೂರಿ ಎಲ್ಲ ಒಟ್ಟಿಗೆ ಓಡಿಕೊಂಡು ಬರ್ತವೆ, ಮಧ್ಯಾಹ್ನ ಒಂದು ಗಂಟೆಗೆ ಉಡುಪಿ ಹೋಟೆಲಿನ ಅಡುಗೆಮನೆ ಬಾಗಿಲು ತೆಗೆದ ಹಾಗೆ. ಮೂರನೇದು 'ಇಫ್ ಶೀ ವಾಂಟ್ಸ್ ಮಿ', ಸೋಲ್ ಅಂತ ಆಫ್ರಿಕನ್-ಅಮೆರಿಕನ್ನರ ಒಂದು ಬಗೆಯ ಹಳೇ ಹಾಡಿನ ಧಾಟಿ, ಅವನ ದನಿ ಮೇಲೆ ಮೇಲೆ ಹೋಗ್ತದೆ, ಒಡೆಯೋ ಹಾಗಾಗ್ತದೆ, ಒಡೆಯೋದಿಲ್ಲ.

ಆಮೇಲೆ ನಾನು ಹೇಳಿದ ಆ ಮಜ್ಜಿಗೆ ಹಾಡು, 'ಪಿಯಾಟ್ಜಾ, ನ್ಯೂಯಾರ್ಕ್ ಕ್ಯಾಚರ್'. ಒಂದೇ ಗಿಟಾರ್ ಒಂದೇ ದನಿ. ಈ ಪಿಯಾಟ್ಜಾ ಅಂದ್ರೆ ಮೈಕ್ ಪಿಯಾಟ್ಜಾ, ನ್ಯೂಯಾರ್ಕ್ ಮೆಟ್ಸ್ ಟೀಮಿನ ಬೇಸ್‌ಬಾಲ್ ಆಟಗಾರ, ಕ್ಯಾಚರ್ ಅಂದ್ರೆ ನಮ್ಮ ವಿಕೆಟ್‌ಕೀಪರ್ ಇದ್ದ ಹಾಗೆ, ಬ್ಯಾಟ್ಸ್‌ಮನ್ ಹಿಂದೆ ಕುಕ್ಕರಗಾಲಲ್ಲಿ ಕೂರೋದು. ಗ್ಲಾಸ್ಗೋದವನಿಗೆ ಬೇಸ್‌ಬಾಲ್ ಹುಚ್ಚು ಎಲ್ಲಿಂದ ಅಂತ ಕೇಳ್ಬೇಡಿ, ದಾದರ್ ಶಿವಾಜಿ ಪಾರ್ಕಲ್ಲಿ ಕ್ರಿಕೆಟ್ ನೋಡ್ತಾ ಕೂತು ಫುಟ್‌ಬಾಲ್ ಬಗ್ಗೆ ಜಗಳ ಮಾಡೋರು ನಮ್ಮಲ್ಲೂ ಇದ್ದಾರೆ. ಹಾಡಲ್ಲಿ ಇರೋದು ಆಟ ಅಲ್ಲ, ಪ್ರೀತಿ ಮಾಡಿದ ಇಬ್ಬರು ಊರೂರು ತಿರುಗೋದು. ಅಂಧೇರಿ ಬರುವಾಗ ಐದನೇ ಹಾಡು 'ಅಸ್ಲೀಪ್ ಆನ್ ಎ ಸನ್‌ಬೀಮ್', ಬ್ಯಾಂಡಿನವಳೇ ಆದ ಸಾರಾ ಮಾರ್ಟಿನ್ ದನಿ. ಬೇಸಗೆ ರಜೆಯ ಹಾಡು. ಅಂಧೇರಿಯಲ್ಲಿ ಜನ ನುಗ್ಗುವಾಗ ಈ ಹಾಡು ಕಿವಿಯಲ್ಲಿ ಇರೋದು ಒಂಥರಾ ತಮಾಷೆ, ನಿಮ್ಮ ಕಾಲಿನ ಮೇಲೆ ಯಾರದ್ದೋ ಕಾಲು, ಕಿವಿಯಲ್ಲಿ ಬಿಸಿಲುಕೋಲಿನ ಮೇಲೆ ನಿದ್ದೆ.

ಆರನೇದು 'ಐಯಾಮ್ ಎ ಕುಕೂ'. ಆಲ್ಬಂ ಒಳಗೆ ಎಲ್ಲರಿಗೂ ಮೊದಲಿಗೆ ಹಿಡಿಸೋದು ಇದೇ, ಸಿಂಗಲ್ ಆಗಿ ಬಂದಾಗ ಬ್ರಿಟನ್ನಿನ ಚಾರ್ಟಲ್ಲಿ 14ನೇ ಜಾಗದವರೆಗೆ ಹೋಗಿತ್ತು. ಎರಡು ಎಲೆಕ್ಟ್ರಿಕ್ ಗಿಟಾರ್ ಜೋಡಿಯಾಗಿ ನುಡಿಸ್ತವೆ, ಥಿನ್ ಲಿಜ್ಜಿ ಅಂತ ಐರಿಶ್ ರಾಕ್ ಬ್ಯಾಂಡ್ ಉಂಟು, ಅವರ ಸ್ಟೈಲು, ಮತ್ತೆ ಕದ್ದದ್ದನ್ನ ಮುಚ್ಚಿಡೋದೂ ಇಲ್ಲ, ಹಾಡಿನ ಒಳಗೇ ಆ ಬ್ಯಾಂಡಿನ ಹೆಸರು ಹೇಳಿಬಿಡ್ತಾರೆ. ಪ್ರಾಮಾಣಿಕ ಕಳ್ಳರು. ಸಂಗತಿ ನೋಡಿದ್ರೆ ಬಿಟ್ಟು ಹೋದವಳ ನೆನಪಲ್ಲಿ ಒದ್ದಾಡೋ ಹಾಡು, ಕಾಲು ಮಾತ್ರ ತಾಳ ಹಾಕ್ತಾ ಇರ್ತದೆ. ಎದುರು ಸೀಟಿನವರು ನೋಡಿದ್ರೆ ನೋಡ್ಲಿ.

ಬಾಂದ್ರಾ ಹತ್ತಿರ ಏಳನೇದು 'ಯು ಡೋಂಟ್ ಸೆಂಡ್ ಮಿ', ಬಾಂದ್ರಾ ದಾಟಿದ ಕೂಡ್ಲೆ ಮಾಹಿಮ್ ಖಾಡಿ, ಅಂದ್ರೆ ಸಮುದ್ರದ ಹಿನ್ನೀರಿನ ವಾಸನೆ ಬರ್ತದೆ, ಎಲ್ಲರೂ ಮೂಗು ಮುಚ್ತಾರೆ, ಆ ಹೊತ್ತಿಗೆ ಎಂಟನೇ ಹಾಡು 'ರ‍್ಯಾಪ್ಡ್ ಅಪ್ ಇನ್ ಬುಕ್ಸ್'. ದಾದರ್ ಬರುವಾಗ 'ಲಾರ್ಡ್ ಆಂಟನಿ'. ಇಲ್ಲಿ ಆಲ್ಬಂ ತಟ್ಟಂತ ನಿಂತು ಉಸಿರು ತಗೊಳ್ತದೆ. ಸ್ಕೂಲಲ್ಲಿ ಉಳಿದ ಹುಡುಗರೆಲ್ಲ ಸೇರಿ ಗೋಳು ಹುಯ್ಕೊಳ್ಳೋ ಒಬ್ಬ ಹುಡುಗನ ಹಾಡು. ನಿಧಾನ. ದಾದರಲ್ಲಿ ಅರ್ಧ ಗಾಡಿ ಇಳಿದು ಅಷ್ಟೇ ಜನ ಹತ್ತುವಾಗ ಈ ಹಾಡು ಇದ್ರೆ, ಹೇಗೆ ಹೇಳೋದು, ನನ್ನ ಜೊತೆ ಏಳನೇ ಕ್ಲಾಸಲ್ಲಿ ಓದ್ತಿದ್ದ ಒಬ್ಬ ಹುಡುಗ ನೆನಪಾಗ್ತಾನೆ, ನಾವೂ ಅವನಿಗೆ ಮಾಡಿದ್ದು ಕಡಿಮೆ ಅಲ್ಲ. ಆಮೇಲೆ 'ಇಫ್ ಯು ಫೈಂಡ್ ಯುವರ್‌ಸೆಲ್ಫ್ ಕಾಟ್ ಇನ್ ಲವ್', ಪಿಯಾನೋ, ಚರ್ಚಿನ ಹಾಡಿನ ಹುರುಪು, ಪ್ರೀತಿಯಲ್ಲಿ ಬಿದ್ರೆ ಮೇಲಿನವನಿಗೆ ಒಂದು ಪ್ರಾರ್ಥನೆ ಹೇಳು ಅನ್ನೋ ಸಂಗತಿ. ಮರ್ಡಾಕ್ ನಿಜವಾಗ್ಲೂ ಚರ್ಚಿಗೆ ಹೋಗೋ ಮನುಷ್ಯ, ಚರ್ಚ್ ಹಾಲ್ ನೋಡ್ಕೊಳ್ಳೋ ಕೆಲಸವೂ ಮಾಡಿದ್ದ, ಹಾಗಾಗಿ ಇದು ವ್ಯಂಗ್ಯ ಅಲ್ಲ. ಮುಂಬೈ ಸೆಂಟ್ರಲ್‌ಗೆ 'ರಾಯ್ ವಾಕರ್', ಚಿಟಿಕೆ ಹೊಡೀತಾ ಕೇಳಿ.

ಕೊನೆಯದು 'ಸ್ಟೇ ಲೂಸ್', ಆರೂಮುಕ್ಕಾಲು ನಿಮಿಷದ ಹತ್ತಿರ, ಎಲ್ಲಕ್ಕಿಂತ ಉದ್ದ. ಇದು ಉಳಿದ ಹಾಡಿನ ಹಾಗಿಲ್ಲ, ಎಂಬತ್ತರ ದಶಕದ ಸಿಂಥ್, ಅಂದ್ರೆ ಎಲೆಕ್ಟ್ರಾನಿಕ್ ಕೀಬೋರ್ಡ್, ಮತ್ತೆ ಗಿಟಾರ್, ದನಿಯನ್ನೂ ತಿರುಚಿದ್ದಾರೆ. ಮೊದಲ ಸಲ ಇದೆಂತ ಬೇರೆ ಬ್ಯಾಂಡಾ ಅನ್ನಿಸ್ತದೆ. ತಾಳ್ಮೆ ಇಟ್ಕೊಳ್ಳಿ, ಗ್ರಾಂಟ್ ರೋಡ್ ಹೋಯ್ತು, ಚರ್ನಿ ರೋಡ್ ಆದ್ಮೇಲೆ ಬಲಗಡೆ ಜಿಮ್ಖಾನಾ ಮೈದಾನಗಳ ಆಚೆ ಸಮುದ್ರ ಕಾಣ್ತದೆ, ಅದಕ್ಕೇ ಬಲಗಡೆ ಕಿಟಕಿ ಅಂದದ್ದು, ಆ ಉದ್ದದ ಗಿಟಾರ್ ಮತ್ತೆ ಸಮುದ್ರ ಒಟ್ಟಿಗೆ ಬರ್ತವೆ. ಗಾಡಿ ಲೇಟಾದ್ರೆ ಈ ಲೆಕ್ಕ ಎಲ್ಲ ತಪ್ತದೆ, ಸಿಗ್ನಲಿಗೆ ಮರೀನ್ ಲೈನ್ಸಲ್ಲಿ ಹತ್ತು ನಿಮಿಷ ನಿಂತದ್ದೂ ಉಂಟು. ಆಗ ಒಂದನೇ ಹಾಡಿಗೆ ವಾಪಸ್ ಹೋಗ್ಬೇಡಿ, ಸುಮ್ನೆ ಕೂತ್ಕೊಳ್ಳಿ.

ಪುಣೆಯವರಿಗೆ ಲೋನಾವಳ ಲೋಕಲ್ ಉಂಟು, ಅದು ಒಂದು ಗಂಟೆಗಿಂತ ಜಾಸ್ತಿ, ಆಲ್ಬಂ ಮುಗಿದ್ರೂ ಟ್ರೈನ್ ಮುಗಿಯೋದಿಲ್ಲ, ಉಳಿದ ಟೈಮಿಗೆ ಹೊರಗಿನ ಗುಡ್ಡ ನೋಡಿ. ಗೋವಾದಲ್ಲಿರೋ ನಮ್ಮವರು ವಾಸ್ಕೋ-ಪಣಜಿ ಬಸ್ಸಲ್ಲಿ ಕೇಳ್ಬಹುದು, ಆದ್ರೆ ಡ್ರೈವರ್ ಕೊಂಕಣಿ ಹಾಡು ಜೋರಾಗಿ ಹಾಕಿದ್ರೆ ಅದನ್ನೇ ಕೇಳಿ, ಅದೂ ಚೆನ್ನಾಗೇ ಇರ್ತದೆ.

ಮಳೆ ಬಗ್ಗೆ ಒಂದು ಮಾತು. ಗ್ಲಾಸ್ಗೋದಲ್ಲಿ ಯಾವಾಗ್ಲೂ ಮಳೆ, ಅದಕ್ಕೇ ಅಲ್ಲಿಯವರು ಒಳಗೆ ಕೂತು ಇಂಥ ಹಾಡು ಬರೀತಾರೆ ಅಂತ ಒಂದು ಥಿಯರಿ ಹೇಳೋರು ಸಿಗ್ತಾರೆ. ಗ್ಲಾಸ್ಗೋದ ವರ್ಷದ ಮಳೆ ಸುಮಾರು 1,200 ಮಿಲಿಮೀಟರ್. ಮುಂಬೈಗೆ 2005ರ ಜುಲೈ 26ಕ್ಕೆ ಒಂದೇ ದಿನದಲ್ಲಿ 944 ಬಿದ್ದಿತ್ತು, ಸಾಂತಾಕ್ರೂಜಲ್ಲಿ. ನಮ್ಮ ಉಡುಪಿ ಕಡೆ ವರ್ಷಕ್ಕೆ 4,000 ಆಗ್ತದೆ. ಮಳೆಯಿಂದ ಪಾಪ್ ಹಾಡು ಹುಟ್ಟೋದಾದ್ರೆ ಕುಂದಾಪುರದಲ್ಲಿ ಮನೆಗೊಂದು ಬ್ಯಾಂಡ್ ಇರ್ಬೇಕಿತ್ತು. ಅಲ್ಲಿನ ಮಳೆ ತೆಳು, ದಿನಗಟ್ಲೆ ಹನಿ ಹನಿ, ನಮ್ಮದರ ಹಾಗೆ ಹೊಡೆಯೋದಲ್ಲ. ಹಾಗಿದ್ರೂ ಜುಲೈ ತಿಂಗಳಲ್ಲಿ ಕಿಟಕಿ ಹಾಕ್ಕೊಂಡು ಈ ಆಲ್ಬಂ ಕೇಳೋದು ಬೇರೆಯೇ ಸುಖ, ಅದನ್ನ ಇಲ್ಲ ಅನ್ನೋದಿಲ್ಲ.

ಎರಡನೇ ಸಲ, ಮೂರನೇ ಸಲ

ಎರಡನೇ ಸಲ ಮನೆಯಲ್ಲಿ, ರಾತ್ರಿ, ಫ್ಯಾನ್ ಆಫ್ ಮಾಡಿ ಅಥವಾ ಒಂದಕ್ಕೆ ಇಟ್ಟು. ಈಗ ದನಿಯನ್ನ ಬಿಟ್ಟುಬಿಡಿ, ಅದು ಹೇಗೂ ಕೇಳ್ತದೆ. ಕೆಳಗೆ ಹೋಗಿ. ಬೇಸ್ ಗಿಟಾರ್ ಎಲ್ಲಿ ನಡೀತಾ ಉಂಟು ಅಂತ ಹಿಡೀರಿ, ಟ್ರೈನಲ್ಲಿ ಇದು ಇರ್ಲೇ ಇಲ್ಲ ಅಲ್ವಾ ಅಂತ ಆಶ್ಚರ್ಯ ಆಗ್ತದೆ. ಆಮೇಲೆ ಹಿಂದೆ ಹಾಡೋರು: ಈ ಆಲ್ಬಂನ ಅರ್ಧ ಖುಷಿ ಅವರ ಕೈಯಲ್ಲಿ ಉಂಟು. ಒಬ್ಬ ಹಾಡುವಾಗ ಉಳಿದವರು ಪಪಪ ಅಂತಲೋ ಆಆ ಅಂತಲೋ ತುಂಬಿಸ್ತಾರೆ, ಒಂದೊಂದ್ಸಲ ಪ್ರಶ್ನೆ ಕೇಳಿದ ಹಾಗೆ, ಒಂದೊಂದ್ಸಲ ಉತ್ತರ ಕೊಟ್ಟ ಹಾಗೆ. ಯಕ್ಷಗಾನದಲ್ಲಿ ಭಾಗವತರ ಪದಕ್ಕೆ ಮದ್ದಲೆಯವ ಉತ್ತರ ಕೊಡೋದನ್ನ ಕೇಳಿ ಬೆಳೆದವರಿಗೆ ಇದು ಬೇಗ ಸಿಕ್ತದೆ. ಟ್ರೆವರ್ ಹಾರ್ನ್ ಮಾಡಿದ ಕೆಲಸ ಇಲ್ಲೇ ಗೊತ್ತಾಗೋದು, ಇಷ್ಟೊಂದು ವಾದ್ಯ ಇದ್ರೂ ಒಂದ್ರ ಕಾಲು ಇನ್ನೊಂದು ತುಳಿಯೋದಿಲ್ಲ. ಅಂಧೇರಿ ಸ್ಟೇಷನ್ ಈ ಮನುಷ್ಯನ ಕೈಗೆ ಕೊಡ್ಬೇಕಿತ್ತು.

ಮೂರನೇ ಸಲ ಸಾಹಿತ್ಯ ಎದುರಿಗಿಟ್ಟು. ಮೊದಲೇ ಯಾಕೆ ಬೇಡ ಅಂದ್ರೆ, ಓದ್ಕೊಂಡು ಕೇಳಿದ್ರೆ ಕಣ್ಣು ಕಿವಿಗಿಂತ ಮುಂದೆ ಓಡ್ತದೆ, ಟ್ಯೂನ್ ತಪ್ಪಿಹೋಗ್ತದೆ. ಈಗ ಓದಿದ್ರೆ ಮಾತ್ರ ಹೊಡೆತ ಸರಿಯಾಗಿ ಬೀಳ್ತದೆ. ಟೈಟಲ್ ಹಾಡನ್ನೇ ತಗೊಳ್ಳಿ, ನಾನು ಎಷ್ಟೋ ದಿನ ಅದು ತಮಾಷೆ ಹಾಡು ಅಂತಲೇ ಕೇಳ್ತಾ ಇದ್ದೆ, ಸಾಹಿತ್ಯ ನೋಡಿದ್ರೆ ಯಾರೋ ತುಂಬಿದ ಕೋಕ್ ಕ್ಯಾನ್ ಎಸೆದು ಆ ವೇಟ್ರೆಸ್ಸಿನ ಮುಖದಲ್ಲಿ ರಕ್ತ ಬರ್ತಾ ಉಂಟು. ಅದಕ್ಕೆ ಆ ಟ್ಯೂನು! ಹಾಡೋವ ಅವಳಿಗೆ ಸಮಾಧಾನ ಹೇಳ್ತಾನೆ, ಇನ್ನು ಸ್ವಲ್ಪ ದಿನ, ಈ ಊರು ಬಿಟ್ಟು ಹೋಗ್ತಿ ಅಂತ. ಅಲ್ಲಿಂದ ಮೇಲೆ ನನಗೆ ಆ ತುತ್ತೂರಿ ಬೇರೆಯೇ ಕೇಳ್ತದೆ, ಅವಳ ಪರವಾಗಿ ಯಾರೋ ಮೆರವಣಿಗೆ ಹೊರಡಿಸಿದ ಹಾಗೆ. ಎಲ್ಲ ಹಾಡಲ್ಲೂ ಹೀಗೇ ಅಂತಲ್ಲ, ಒಂದೆರಡು ನಿಜವಾಗ್ಲೂ ಬರೀ ಹಗುರ ಹಾಡುಗಳೇ, ಅದ್ರಲ್ಲಿ ಆಳ ಹುಡುಕ್ತಾ ಕೂರ್ಬೇಡಿ. ನನ್ನ ಕೇಳಿದ್ರೆ ಏಳನೇ ಹಾಡು ಅಷ್ಟಕ್ಕಷ್ಟೇ.

ಮುಂದೆ ಎಂತ ಕೇಳೋದು ಅಂದ್ರೆ ಇದೇ ಬ್ಯಾಂಡಿನ 'ಇಫ್ ಯು ಆರ್ ಫೀಲಿಂಗ್ ಸಿನಿಸ್ಟರ್', 1996ರದ್ದು, ಮೆತ್ತಗಿನದ್ದು, ಜಾಣರೆಲ್ಲ ಅದೇ ಒಳ್ಳೇದು ಅಂತಾರೆ. ಖುಷಿಯೇ ಬೇಕು ಅಂದ್ರೆ 2006ರ 'ದ ಲೈಫ್ ಪರ್ಸೂಟ್'. ಅದೇ ಊರಿನ ಕ್ಯಾಮೆರಾ ಅಬ್‌ಸ್ಕ್ಯೂರಾ ಬ್ಯಾಂಡಿನ 'ಲೆಟ್ಸ್ ಗೆಟ್ ಔಟ್ ಆಫ್ ದಿಸ್ ಕಂಟ್ರಿ' ಕೂಡ 2006ರದ್ದೇ, ಅದನ್ನ ಕೇಳದೆ ಸಾಯ್ಬೇಡಿ. ನಮ್ಮ ವೇಟ್ರೆಸ್ ಆಲ್ಬಂ 2004ರ ಮರ್ಕ್ಯುರಿ ಪ್ರೈಜ್‌ನ, ಅಂದ್ರೆ ಬ್ರಿಟನ್ನಲ್ಲಿ ವರ್ಷದ ಒಳ್ಳೇ ಆಲ್ಬಂಗೆ ಕೊಡೋ ಬಹುಮಾನದ, ಪಟ್ಟಿಯಲ್ಲಿ ಇತ್ತು, ಗೆದ್ದದ್ದು ಫ್ರಾಂಜ್ ಫರ್ಡಿನಾಂಡ್, ಅವರೂ ಗ್ಲಾಸ್ಗೋದವರೇ, ಹಾಗಾಗಿ ಬಹುಮಾನ ಊರು ಬಿಟ್ಟು ಹೋಗ್ಲಿಲ್ಲ. ಸಿಡಿ ಬೇಕು ಅಂತ ಹಟ ಇರೋರಿಗೆ ಈಗ ಕಷ್ಟ, ಕಾಲಾ ಘೋಡಾದ ರಿದಂ ಹೌಸ್ 2016ರಲ್ಲೇ ಬಾಗಿಲು ಹಾಕಿತು, ಅಲ್ಲಿ ನಿಂತು ಕೇಳಿ ನೋಡಿ ತಗೊಳ್ಳೋ ಸುಖ ಗೊತ್ತಿದ್ದವರಿಗೆ ಗೊತ್ತು.

ಬೇರೆಯವರಿಗೆ ಕೇಳಿಸೋದು

ಇಂಡೀ ಫೋಕ್-ಪಾಪ್ ಅನ್ನೋ ಶಬ್ದ ಬಾಯಿಗೆ ತರ್ಲೇಬೇಡಿ. ಸ್ಕಾಟ್ಲೆಂಡ್ ಅಂತಲೂ ಹೇಳ್ಬೇಡಿ, ಹೇಳಿದ್ರೆ ಎದುರಿನವರು ಬ್ಯಾಗ್‌ಪೈಪ್ ಬರೋ ತನಕ ಕಾಯ್ತಾ ಕೂರ್ತಾರೆ, ಬರೋದಿಲ್ಲ, ಬೇಜಾರಾಗ್ತಾರೆ. ಇದು ನಿಮ್ಮ ಲೈಫನ್ನೇ ಚೇಂಜ್ ಮಾಡ್ತದೆ ಅಂತ ಅಂದ್ರಂತೂ ಕೆಲಸ ಕೆಟ್ಟಿತು. ಇಡೀ ಆಲ್ಬಂ ಒಟ್ಟಿಗೆ ಹಾಕ್ಬೇಡಿ, ಅದು ನಮಗೆ, ಹುಚ್ಚು ಹಿಡಿದವರಿಗೆ. ಅವರಿಗೆ ಒಂದೇ ಹಾಡು, ಆಳು ನೋಡಿ ಹಾಡು. ಆಫೀಸಲ್ಲಿ ಬಾಸ್ ಕಾಟದಲ್ಲಿ ಇರೋರಿಗೆ ಒಂದನೇದು. ಭಾನುವಾರ ಭಜನೆಗೆ ಹೋಗೋ ಅತ್ತಿಗೆ ಹತ್ತನೇದು, ಇದೂ ದೇವರ ಹಾಡೇ ಅಂತ ಹೇಳಿ, ಸುಳ್ಳಲ್ಲ. ಎಪ್ಪತ್ತರ ದಶಕದ ಕನ್ನಡ ಸಿನಿಮಾ ಹಾಡು ಬಿಟ್ರೆ ಬೇರೆ ಕೇಳದ ಮಾವನವರಿಗೆ ಪಿಟೀಲು ತುತ್ತೂರಿ ಇರೋದು ಹಾಕಿ, ಆ ಕಾಲದ ಆರ್ಕೆಸ್ಟ್ರಾ ರುಚಿ ಅವರಿಗೆ ಕೂಡ್ಲೆ ಗೊತ್ತಾಗ್ತದೆ. ಗಿಟಾರ್ ಕಲೀತಾ ಇರೋ ಮಗಳಿಗೆ ನಾಲ್ಕನೇದು. ಹಾಕಿ ಸುಮ್ನಿರಿ, ಅವರ ಮುಖ ನೋಡ್ತಾ ಕೂರ್ಬೇಡಿ, ಅಡುಗೆಮನೆಗೆ ಹೋಗಿ ಕಾಫಿ ಮಾಡಿ. ಮತ್ತೊಮ್ಮೆ ಹಾಕು ಅಂದ್ರೆ ಗೆದ್ದಿರಿ, ಅನ್ನದಿದ್ರೆ ಆರು ತಿಂಗಳು ಸುದ್ದಿ ಎತ್ಬೇಡಿ.

ಭಾಷೆ ಗೊತ್ತಿಲ್ಲದವರಿಗೆ ಕೇಳಿಸುವಾಗ ಮಾತ್ರ ಕ್ರಮ ಉಲ್ಟಾ, ಮೊದಲು ಕತೆ, ಆಮೇಲೆ ಹಾಡು. ಇದನ್ನ ಕಲಿತದ್ದು ದೊಡ್ಡಪ್ಪನಿಂದ. ಅವರು ಹದಿಮೂರನೇ ವಯಸ್ಸಿಗೆ ಊರಿಂದ ಬಂದು ಫೋರ್ಟಿನ ಒಂದು ಹೋಟೆಲಲ್ಲಿ ಕಪ್ಪು ಬಸಿ ತೊಳೆಯೋಕೆ ಸೇರಿದವರು, ಹಗಲಿಡೀ ಕೆಲಸ, ರಾತ್ರಿ ಕನ್ನಡ ರಾತ್ರಿಶಾಲೆ, ಬೆಂಚಲ್ಲೇ ನಿದ್ದೆ ಹೋಗಿ ಮೇಷ್ಟ್ರು ಎಬ್ಬಿಸಿ ಪಾಠ ಹೇಳ್ತಿದ್ರಂತೆ. ಮುಂಬೈಯ ಎಷ್ಟೋ ಹೋಟೆಲ್ ಹುಡುಗರು ಓದಿದ್ದೇ ಹಾಗೆ. ಈಗ ಮಲಾಡಲ್ಲಿ ಮಗನ ಮನೆಯಲ್ಲಿ ಇದ್ದಾರೆ, ಕಿವಿ ಸ್ವಲ್ಪ ಮಂದ, ಹಾಗಾಗಿ ಇಯರ್‌ಫೋನ್ ಅಲ್ಲ, ಸ್ಪೀಕರ್ ತಗೊಂಡು ಹೋಗಿದ್ದೆ. ಮೊದಲು ಕನ್ನಡದಲ್ಲಿ ಕತೆ ಹೇಳಿದೆ, ಹೀಗೊಂದು ಹೋಟೆಲು, ಅಲ್ಲೊಬ್ಬಳು ಹುಡುಗಿ, ಕೈಯಿಂದ ಎಂತದ್ದೋ ಬಿತ್ತು, ಗಿರಾಕಿ ತುಂಬಿದ ಕ್ಯಾನ್ ಎಸೆದ, ಮುಖದಲ್ಲಿ ಗಾಯ. ಕೈಯಿಂದ ಬಿದ್ದದ್ದು ನಾನು ಸೇರಿಸಿದ್ದು, ಎಡವಟ್ಟು ಅಂದ್ಮೇಲೆ ಎಂತದ್ದಾದ್ರೂ ಬೀಳ್ಬೇಕಲ್ಲ. ದೊಡ್ಡಪ್ಪ ಪೇಪರ್ ಮಡಿಸಿ ಬದಿಗಿಟ್ಟು "ಕ್ಯಾನಾ? ನಮ್ಮ ಕಾಲದಲ್ಲಿ ಸ್ಟೀಲ್ ಲೋಟ" ಅಂದ್ರು, ಅಂದು ಹುಬ್ಬಿನ ಹತ್ತಿರ ಒಂದು ಗೆರೆ ತೋರಿಸಿದ್ರು, ಇಷ್ಟು ವರ್ಷ ನೋಡಿದ್ದೆ, ಎಲ್ಲಿಂದ ಬಂತು ಅಂತ ಯಾವತ್ತೂ ಕೇಳಿರ್ಲಿಲ್ಲ.

ಹಾಡು ಹಾಕಿದೆ. ಎರಡು ನಿಮಿಷ ಚಿಲ್ಲರೆ, ಬೆರಳಲ್ಲಿ ಮಂಚದ ಅಂಚಿಗೆ ತಾಳ ಹಾಕ್ತಾ ಕೇಳಿದ್ರು, ಮತ್ತೊಮ್ಮೆ ಹಾಕು ಅಂದ್ರು, ಎರಡನೇ ಸಲ ಮುಗಿದ್ಮೇಲೆ ಕೊನೆಗೆ ಆ ಹುಡುಗಿ ಎಂತ ಮಾಡಿದ್ಲು ಅಂತ ಕೇಳಿದ್ರು. ಊರು ಬಿಟ್ಟು ಹೋಗ್ತಾಳಂತೆ ದೊಡ್ಡಪ್ಪ, ಬೇಗ ಹೋಗ್ತಾಳೆ ಅಂತ ಹಾಡಲ್ಲಿ ಉಂಟು ಅಂದೆ.

"ಹೋಗ್ಲಿ, ಒಳ್ಳೇದಾಯ್ತು. ಬಾಕಿ ಸಂಬಳ ಕೊಟ್ರಂತಾ?"